ತೂತು ಮುಚ್ಚುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಗಾರೆಯವನು. ಮನೆ ಕಟ್ಟುವವನಲ್ಲ, ಹಳೆಯ ಗೋಡೆಗಳ ಬಿರುಕು, ತೂತು ಮುಚ್ಚುವವನು. ಅದಕ್ಕೇ ಬೀದಿಯವರೆಲ್ಲ ಅವನನ್ನು ‘ತೇಪೆ’ ಎನ್ನುತ್ತಿದ್ದರು. ಚಳಿ ಕಳೆದು ಮರ ಚಿಗುರುವಾಗ ಅವನಿಗೆ ಕೈತುಂಬ ಕೆಲಸ. ಗುಬ್ಬಿಗಳು ಗೋಡೆಯ ಸಂದಿಗೆ ಹುಲ್ಲು ಸಾಗಿಸುವುದೂ, ಮಾಲೀಕರಿಗೆ ತಮ್ಮ ಗೋಡೆ ನೆನಪಾಗುವುದೂ ಆಗಲೇ.

ಅವನದೊಂದು ಕ್ರಮವಿತ್ತು. ಸಂದಿಯೊಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಸಿಮೆಂಟು ಹಚ್ಚುವ ಮೊದಲು ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಗೋಡೆಗೆ ಕಿವಿ ಇಡುತ್ತಿದ್ದ. ತಾಯಿ ಬಂತೆಂದುಕೊಂಡು ಮರಿಗಳು ಕೂಗುತ್ತವೆ. ಕೂಗಿದರೆ, ಮಾಲೀಕ ಎಷ್ಟೇ ಎಗರಾಡಲಿ, ಮರಿ ಹಾರಿಹೋದ ಮೇಲೆಯೇ ಮುಚ್ಚುವುದು. ಜೀವದ ಮೇಲೆ ಸಿಮೆಂಟು ಹಾಕಿದವನಲ್ಲ ಎಂಬುದೊಂದೇ ಅವನ ಹೆಮ್ಮೆ. ಅದನ್ನು ಕೇಳಿ ಕೇಳಿ ನಮಗೆ ಸಾಕಾಗಿತ್ತು.

ಚಿಕ್ಕಮ್ಮ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ತಂತಿಯ ಮೇಲೆ ಅಳಿಲು ಓಡಿತು, ಚಿಟ್ಟೆ ಬಂತು, ಎದುರಿನ ಹೊಲಿಗೆ ಕಾರ್ಖಾನೆಯ ಗೋಡೆಯಲ್ಲಿ ಗುಬ್ಬಿ ಗೂಡು ಕಟ್ಟಿತು ಎಂದು ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಸಂಜೆ ಗಂಡನಿಗೆ ಒಪ್ಪಿಸುತ್ತಿದ್ದಳು. ಆ ವರ್ಷ ಅವನದು ಒಂದೇ ಉತ್ತರ: ಊರು ಕೆಟ್ಟಿದೆ, ಹಕ್ಕಿಗಳು ಮರಿ ಮಾಡುವುದನ್ನೇ ಬಿಟ್ಟಿವೆ, ಒಂದು ಗೋಡೆಯೂ ಉಲಿಯುತ್ತಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ನಾವು ವಾದಕ್ಕೆ ಹೋಗಲಿಲ್ಲ. ಚಿಕ್ಕಮ್ಮ ಹಿಂದಿನಿಂದ ಕರೆದರೆ ತಿರುಗದಿದ್ದಾಗಲೂ ಕೊಬ್ಬು ಎಂದುಕೊಂಡೆವು.

ಒಂದು ದಿನ ಕಾರ್ಖಾನೆಯವರೇ ಅವನನ್ನು ಕರೆದರು. ಮರಿಗಳಿವೆ, ಬಿಸಿಲೇರಿದರೆ ಸಾಕು ಗಲಾಟೆ ಎಂದು ಚಿಕ್ಕಮ್ಮ ಮೊದಲೇ ಎಚ್ಚರಿಸಿದಳು. ನನಗೆ ಪಾಠ ಹೇಳಬೇಡ ಎಂದು ಅವನು ಏಣಿ ಹೊತ್ತ.

ನಾನು ಚಿಕ್ಕಮ್ಮನ ಜೊತೆ ಕಿಟಕಿಯಲ್ಲಿದ್ದೆ. ಅವನು ತಟ್ಟಿದ. ಬೀದಿ ಕಿರಿದು, ಮರಿಗಳ ಚೀರಾಟ ನಮ್ಮ ಕೋಣೆಗೇ ಕೇಳಿತು. ಅವನು ಮಾತ್ರ ಕಣ್ಣು ಮುಚ್ಚಿ, ಬಹಳ ಹೊತ್ತು, ಶ್ರದ್ಧೆಯಿಂದ ಆಲಿಸಿದ. ಆಮೇಲೆ ನಮ್ಮತ್ತ ತಿರುಗಿ ಏನೂ ಇಲ್ಲವೆಂದು ಕೈಯಾಡಿಸಿ ಸಿಮೆಂಟು ತುಂಬಿದ. ಅವನ ಬೆನ್ನ ಹಿಂದೆ ತಂತಿಯ ಮೇಲೆ ತಾಯಿಗುಬ್ಬಿ ಹುಳ ಕಚ್ಚಿಕೊಂಡು ಕೂತಿತ್ತು. ಚಿಕ್ಕಮ್ಮ ಕಿರುಚಿದಳು. ಅವನು ಕರಣೆ ಆಡಿಸುತ್ತಲೇ ಇದ್ದ. ಆಗ ನನಗೆ ಹೊಳೆಯಿತು. ನನ್ನ ದಪ್ಪ ದನಿ ಅವನಿಗೆ ಎಂದಿನಂತೆ ಕೇಳುತ್ತಿತ್ತು. ಕೀಚಲು, ಸಣ್ಣ ದನಿಗಳಷ್ಟೇ ಅವನ ಕಿವಿಯಿಂದ ಹೋಗಿಬಿಟ್ಟಿದ್ದವು.

ಓಡಿಹೋಗಿ, ಒಳಗೆ ಮರಿಗಳು ಚೀರುತ್ತಿವೆ ಎಂದು ಏಣಿಯ ಬುಡದಿಂದ ಕೂಗಿ ಹೇಳಿದೆ. ಅವನು ಬೈಯುತ್ತಲೇ ಹಸಿ ಸಿಮೆಂಟನ್ನು ಬೆರಳಿನಿಂದ ಕಿತ್ತು ಕೈ ಒಳಗೆ ಹಾಕಿದ. ಬೋಳು ಮರಿಯೊಂದು ಅವನ ಅಂಗೈಯಲ್ಲಿ ಅಗಲವಾಗಿ ಬಾಯಿ ತೆರೆಯಿತು.

“ಕೂಗ್ತಿದೆಯಾ?” ಎಂದು ಕೇಳಿದ.

“ಹೂಂ, ಚಿಕ್ಕಪ್ಪ.”

ಮರಿಯನ್ನು ಗೂಡಿಗಿಟ್ಟು ಇಳಿದು ಬಂದು ಚಿಕ್ಕಮ್ಮನ ಹಾಸಿಗೆಯ ಅಂಚಿನಲ್ಲಿ ಕೂತ. “ಹಾಗಾದ್ರೆ ಶಾಲೆ ಗೋಡೆ? ಆಸ್ಪತ್ರೆದು? ಈ ವರ್ಷ ಎಲ್ಲಾ ಕಡೆ ತಟ್ಟೇ ಮುಚ್ಚಿದೀನಿ ಕಣೇ,” ಎಂದ.

ಚಿಕ್ಕಮ್ಮ ಅವನ ತೋಳು ಹಿಡಿದುಕೊಂಡಳು. “ಹೋಗ್ಬೇಡಿ. ಈಗ ಒಡೆದು ನೋಡಿದ್ರೂ ಏನ್ ಮಾಡ್ತೀರಿ?”

ತೋಳು ಬಿಡಿಸಿಕೊಂಡು ಉಳಿ, ಸುತ್ತಿಗೆ ಎತ್ತಿಕೊಂಡ. ಒಬ್ಬನನ್ನೇ ಬಿಡಲು ಭಯವಾಗಿ ನಾನೂ ಹೋದೆ. ಶಾಲೆಯ ಹಿಂಬದಿಯ ಗೋಡೆ ಒಡೆದು ಮೊಣಕೈವರೆಗೆ ಕೈ ತೂರಿಸಿದ. ಎಷ್ಟೋ ಹೊತ್ತು ಹೊರಗೆ ತೆಗೆಯಲಿಲ್ಲ. ತೆಗೆದಾಗ ಕೈಯಲ್ಲಿ ಏನೂ ಇರಲಿಲ್ಲ. ಒಳಗಿದ್ದದ್ದನ್ನು ಒಳಗೇ ಬಿಟ್ಟಿದ್ದ. ಸಿಮೆಂಟು ಕಲಸು ಎಂದ. ಕಲಸಿ ಕೊಟ್ಟೆ. ಅದೇ ತೂತನ್ನು ಮತ್ತೆ ಮುಚ್ಚಿ, ಗುರುತು ಸಿಗದಂತೆ ನುಣ್ಣಗೆ ಸವರಿದ. ಎರಡನೆಯ ಗೋಡೆಗೆ ಹೋಗಲಿಲ್ಲ.