ಒಂದು, ಮುಂದ ಪೂಜಿ

ಮನೆಯಲ್ಲಿ ಮಲಗಿಕೊಂಡು ಕೆಲಸ ಮಾಡುವುದು ಸುಖ ಅಂತ ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತದೆ. ಈಗ ಎಲ್ಲರೂ ಮಾಡುತ್ತಾರೆ, ಪಕ್ಕದಲ್ಲಿ ಚಹಾದ ಕಪ್ಪಿಟ್ಟು ಫೋಟೋನೂ ಹಾಕುತ್ತಾರೆ. ಇಳಕಲ್ಲಿನ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ನಾನು ಅದನ್ನೇ ಮಾಡಲು ಹೋಗಿ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಆಗ ನಾನು ಬಾಗಲಕೋಟೆಯ ನವನಗರದಲ್ಲಿ ಒಬ್ಬ ಸಿವಿಲ್ ಎಂಜಿನಿಯರರ ಕಚೇರಿಯಲ್ಲಿ ಮನೆಗಳ ನಕ್ಷೆ ತೆಗೆಯುತ್ತಿದ್ದೆ. ಹಳೇ ಊರಿನ ಎಷ್ಟೋ ಓಣಿಗಳು ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಸೆಕ್ಟರು ಸೆಕ್ಟರು ಅಂತ ಹೊಸ ಊರು ಎದ್ದಿತ್ತಲ್ಲ, ನಮಗೆ ಕೆಲಸಕ್ಕೇನೂ ಬರವಿರಲಿಲ್ಲ. ದಿನಾ ಇಳಕಲ್ಲಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸುರಿ ಆದಮೇಲೂ ಹೋದೆ. ಒಂದು ದಿನ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಹೊಟ್ಟೆ ಹಿಡಿದುಕೊಂಡು ಇಳಿದು, ಅಲ್ಲಿಂದ ಸೀದಾ ದವಾಖಾನೆಗೆ ಹೋಗಬೇಕಾಯಿತು. ಡಾಕ್ಟರ್ ಬಾಯಿಯವರು ತಲೆ ಎತ್ತದೆ ಹೇಳಿದರು:

"ಬಸ್ಸು ಬಂದ್. ಎಡಮಗ್ಗಲಾ ಮಲಗೋದು. ಹೆರಿಗಿ ಆಗೋತನಕ ಇಷ್ಟ ನಿನ್ನ ಕೆಲಸ."

ನಮ್ಮ ಸಾಹೇಬರು, ಅಂದರೆ ಆ ಎಂಜಿನಿಯರು, ಕೆಟ್ಟವರಲ್ಲ. ಸುತ್ತಿ ಬಳಸಿ ಮಾತಾಡುವವರೂ ಅಲ್ಲ. ಫೋನಿನಲ್ಲಿ ಅಂದರು, "ತಬ್ಯೇತ ನೋಡ್ಕೋವಾ ಮೊದಲ. ಆದ್ರ ಕುರ್ಚಿ ಖಾಲಿ ಇಡಾಕ ಆಗಂಗಿಲ್ಲ ನೋಡು."

ಆ ಕುರ್ಚಿಯ ವಿಷಯ ನಿಮಗೆ ಹೇಳಲೇಬೇಕು. ನಮ್ಮದು ನೇಕಾರರ ಮನೆ. ಗಂಡನ ಪವರ್‌ಲೂಮುಗಳು ಪಡಸಾಲೆಯ ಪಕ್ಕದಲ್ಲೇ ಬಡಿದುಕೊಳ್ಳುತ್ತಿದ್ದವು. ಸೊಸೆ ಬಸ್ಸು ಹತ್ತಿ ಊರು ಬಿಟ್ಟು ಊರಿಗೆ ಕೆಲಸಕ್ಕೆ ಹೋಗುವುದನ್ನು ಮನೆಯವರು ಒಪ್ಪಿರಲಿಲ್ಲ, ಅಭ್ಯಾಸ ಮಾಡಿಕೊಂಡಿದ್ದರು. ಎರಡಕ್ಕೂ ವ್ಯತ್ಯಾಸವಿದೆ. ಒಮ್ಮೆ ಆ ಕುರ್ಚಿಯಿಂದ ಎದ್ದರೆ ಮತ್ತೆ ಕೂರುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಕೂಸು, ಆಮೇಲೆ ಕೂಸಿನ ಹಲ್ಲು, ಆಮೇಲೆ ಕೂಸಿನ ಸಾಲಿ. ಮುಗಿಯಿತು.

"ಸರ್, ಮನಿಯಿಂದ ಮಾಡ್ತೇನ್ರಿ," ಅಂದೆ.

ತೊಡಕೇನೆಂದರೆ, ನಕ್ಷೆ ತೆಗೆಯುವ ಆ ಪ್ರೋಗ್ರಾಮು ನಡೆಯಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಹೆಬ್ಬೆರಳಿನಷ್ಟುದ್ದದ ಒಂದು ಕೀಲಿ ಸಿಕ್ಕಿಸಿರಬೇಕು. ಕೀಲಿ ಒಂದೇ, ಅದು ಕಚೇರಿಯ ನನ್ನ ಕಂಪ್ಯೂಟರಿನ ಬೆನ್ನಿಗಿತ್ತು, ಅದನ್ನು ಇಳಕಲ್ಲಿಗೆ ಕಳಿಸಲು ಸಾಹೇಬರು ಜನ್ಮದಲ್ಲಿ ಒಪ್ಪುವವರಲ್ಲ. ಹಾಗಾಗಿ ನಾನೇ ತಂತಿಯ ಮೂಲಕ ಆ ಕಂಪ್ಯೂಟರಿನೊಳಗೆ ಹೋಗಬೇಕು. ನನ್ನ ಮನೆಯ ಪರದೆಯ ಮೇಲೆ ಅಲ್ಲಿಯ ಪರದೆ ಕಾಣಬೇಕು, ಇಲ್ಲಿ ಮೌಸು ಸರಿಸಿದರೆ ಅಲ್ಲಿ ನಕ್ಷೆಯ ಗೋಡೆ ಏಳಬೇಕು. ಹೀಗೆ ಆಗುತ್ತದೆ ಅಂತ ನಾನು ಓದಿದ್ದೆ. ಮಾಡಿದವರನ್ನು ನೋಡಿರಲಿಲ್ಲ.

"ಸೋಮವಾರತನಕ ನೋಡು," ಅಂದರು ಸಾಹೇಬರು. "ಬಾದಾಮಿ ಮಾಸ್ತರ್ ಅವತ್ತ ಸಂಜಿಕ್ಕ ತಮ್ಮ ಮನಿ ನಕ್ಷಾ ಒಯ್ಯಾಕ ಬರ್ತಾರ. ಅಷ್ಟರಾಗ ನಿನ್ನ ತಂತಿ ನಡದ್ರ ನೀನ ಮಾಡು. ಇಲ್ಲಂದ್ರ ಪಾಲಿಟೆಕ್ನಿಕ್ ಮುಗಿಸಿದಾಕಿ ಒಬ್ಬಾಕಿ ಬಂದು ಕೇಳಿ ಹೋಗ್ಯಾಳ. ಆಕಿನ್ನ ಕುಂಡರಸ್ತೇನಿ."

ಅವತ್ತಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ಗಂಡ ಹಳೇ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ತಂದಿಟ್ಟು, ಟೆಲಿಫೋನಿನ ವೈರನ್ನು ಕಿಟಕಿಯ ಸರಳಿಗೆ ಸುತ್ತಿ ಎಳೆದುಕೊಟ್ಟ. ಮೋಡೆಮ್ಮಿನ ದೀಪಗಳಲ್ಲಿ ಒಂದು ಹತ್ತುವುದು, ಆರುವುದು, ಹತ್ತುವುದು. ನಾನು ಎಡಮಗ್ಗಲಾಗಿ ಮಲಗಿ ಆ ದೀಪವನ್ನೇ ನೋಡುತ್ತಿದ್ದೆ. ಅದು ಆರಿದಾಗಲೆಲ್ಲ ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು. ಅದಕ್ಕೂ ಬ್ರಾಡ್‌ಬ್ಯಾಂಡಿನ ಚಿಂತೆ ಹತ್ತಿದೆ ಅಂತ ಅನ್ನಿಸುತ್ತಿತ್ತು.

ಮೊದಲು ಸಿಕ್ಕ ತಪ್ಪು ನಮ್ಮ ಅತ್ತೆಯ ಫೋನು. ಅದೇ ಲೈನಿನಿಂದ ಅಡಿಗೆ ಮನೆಗೆ ಇನ್ನೊಂದು ಫೋನು ಎಳೆದಿದ್ದರು. ಅತ್ತೆ ಅದನ್ನು ಎತ್ತಿ ಗುಳೇದಗುಡ್ಡದ ತಂಗಿಯ ಜೊತೆ ಮಾತು ಶುರು ಮಾಡಿದರೆ ಇತ್ತ ನನ್ನ ದೀಪ ಸಾಯುತ್ತಿತ್ತು.

"ಅತ್ತಿ, ಸೋಮವಾರತನಕ ಈ ಫೋನ್ ತಗದಿಡೂನ್ರಿ."

"ತಗೀರಿ. ನನ್ನ ಬಾಯೀನೂ ಹೊಲದು ಬಿಡ್ರಿ," ಅಂದರು ಅತ್ತೆ. "ಬಸುರಿ ಹೆಣಮಗಳು ದೇವರ ನಾಮಾ ಹೇಳ್ಕೊಂತ ಮಲಗಬೇಕು. ಇಕಿ ದೀಪಾ ನೋಡ್ಕೊಂತ ಮಲಗ್ಯಾಳ, ಅದೂ ಹಸರ ದೀಪಾ."

ಫೋನು ತೆಗೆದೆವು. ದೀಪ ಆರದೆ ಹತ್ತಿಕೊಂಡೇ ನಿಂತಿತು. ಮನೆಯಲ್ಲಿ ಇಂಟರ್ನೆಟ್ಟು ಬಂತು. ಇನ್ನು ಬಾಗಲಕೋಟೆಯ ಕಡೆಯದು.

ಅಲ್ಲಿ ನನಗಿದ್ದವರು ಕಾಕಾ ಒಬ್ಬರೇ. ಕಚೇರಿಯವರೆಲ್ಲ ಕಾಕಾ ಅನ್ನುತ್ತಿದ್ದ ಅವರು ಸೈಟಿನ ಮೇಲೆ ನಿಂತು ಗೌಂಡಿಗಳಿಂದ ಕೆಲಸ ಮಾಡಿಸುವವರು, ವಯಸ್ಸಾದವರು. ಬೆಳಿಗ್ಗೆ ಸೈಟಿಗೆ ಹೋಗುವ ಮೊದಲು ಕಚೇರಿಗೆ ಬಂದು ಬಾಗಿಲು ತೆರೆಯುತ್ತಿದ್ದರು. ಸಾಹೇಬರಿಗೆ ಪುರಸೊತ್ತಿಲ್ಲ. ಕಚೇರಿಗೆ ಇಂಟರ್ನೆಟ್ಟಿನಲ್ಲಿ ವಿಳಾಸದಂಥ ಒಂದು ನಂಬರಿರುತ್ತದೆ, ಕರೆಂಟು ಹೋಗಿ ಬಂದಾಗಲೆಲ್ಲ ಅದು ಬದಲಾಗುತ್ತದೆ. ಬಾಗಲಕೋಟೆಯಲ್ಲಿ ಕರೆಂಟು ಎಷ್ಟು ಸಲ ಹೋಗಿ ಬರುತ್ತಿತ್ತು ಅಂತ ನಾನು ಹೇಳುವುದು ಬೇಡ. ದಿನಾ ಬೆಳಿಗ್ಗೆ ಕಾಕಾ ಅದನ್ನು ಪರದೆಯಲ್ಲಿ ನೋಡಿ ನನಗೆ ಓದಿ ಹೇಳಬೇಕು. ಮೊದಲ ದಿನ "ಎರಡನೂರಾ ಮೂರು, ನೂರಾ..." ಅಂತ ಶುರು ಮಾಡಿ, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯದೆ ಇಬ್ಬರೂ ಬೆವತೆವು.

"ಕಾಕಾ, ಒಂದೊಂದ ಅಂಕಿ ಬಿಡಿಸಿ ಹೇಳ್ರಿ. ನಡುವ ಚುಕ್ಕಿ ಬಂದ್ರ ಚುಕ್ಕಿ ಅನ್ರಿ."

"ಹಂಗ ಅನ್ನು ಮತ್ತ. ಎರಡು, ಪೂಜಿ, ಮೂರು, ಚುಕ್ಕಿ."

ನಾನು ಎರಡು, ಸೊನ್ನೆ, ಮೂರು ಅಂತ ಒತ್ತುತ್ತಾ ಹೋದೆ. ಎಲ್ಲವೂ ಸರಿ. ಆದರೂ ಒಳಗೆ ಹೋಗಲು ಬರಲಿಲ್ಲ. ಸಂಪರ್ಕ ಸಾಧ್ಯವಾಗಲಿಲ್ಲ ಅಂತ ಇಂಗ್ಲಿಷಿನಲ್ಲಿ ಅದೇ ಒಂದು ಸಾಲು, ಮರುದಿನವೂ ಅದೇ.

ನಮಗೆ ಕಂಪ್ಯೂಟರು ಮಾರಿದ್ದ ಹುಬ್ಬಳ್ಳಿಯ ಅಂಗಡಿಯಲ್ಲಿ ಇಂಥದ್ದನ್ನು ನೋಡುವ ಒಬ್ಬರಿದ್ದರು. ಮೈಸೂರು ಕಡೆಯವರು, ಹುಬ್ಬಳ್ಳಿಗೆ ಬಂದು ಬಹಳ ದಿನ ಆಗಿರಲಿಲ್ಲ. ಅವರು ತಮ್ಮ ಜಾಗದಿಂದಲೇ ನಮ್ಮ ಕಚೇರಿಯ ಮೋಡೆಮ್ಮಿನೊಳಗೆ ಇಣುಕಬಲ್ಲರು. ಸಮಾಧಾನವಾಗಿ ವಿವರಿಸಿದರು:

"ಮೇಡಂ, ಮೋಡೆಮ್ಮು ಅಂದರೆ ವಠಾರದ ಗೇಟ್ ಇದ್ದ ಹಾಗೆ. ನೀವು ಗೇಟ್ ತನಕ ಬಂದಿದ್ದೀರ. ಒಳಗೆ ನಿಮ್ಮ ಕಂಪ್ಯೂಟರ್ ಎಷ್ಟನೇ ಮನೆ ಅಂತ ಗೇಟಿಗೆ ಹೇಳಿಕೊಡಬೇಕು. ಆ ನಂಬರ್ ಆಫೀಸಲ್ಲಿರೋರು ನೋಡಿ ಹೇಳ್ಬೇಕು. ನಾನೇ ಫೋನ್ ಮಾಡಿ ಕೇಳ್ಕೋತೀನಿ, ನೀವು ರೆಸ್ಟ್ ತಗೊಳ್ಳಿ."

ರೆಸ್ಟ್. ಆ ಮಾತು ಕೇಳಿದರೆ ಆ ದಿನಗಳಲ್ಲಿ ನಾನು ಹಲ್ಲು ಕಡಿಯುತ್ತಿದ್ದೆ.

ಅವರು ಕಾಕಾಗೆ ಫೋನ್ ಮಾಡಿದರು, ನಂಬರು ಕೇಳಿದರು, ಮೋಡೆಮ್ಮಿಗೆ ಹೇಳಿಕೊಟ್ಟರು. ಆಮೇಲೆ ನನಗೆ ಮಾಡಿ, "ಆಯ್ತು ಮೇಡಂ, ಟ್ರೈ ಮಾಡಿ," ಅಂದರು. ಮಾಡಿದೆ. ಅದೇ ಸಾಲು. ಮತ್ತೆ ಅವರಿಗೆ. "ನನ್ನ ಕಡೆ ಎಲ್ಲಾ ಸರಿಯಾಗೇ ಇದೆ. ನಿಮ್ಮ ಮನೆ ಲೈನ್ ಚೆಕ್ ಮಾಡಿಸಿ." ಲೈನಿನವನು ಬಂದ, ಕಂಬ ಹತ್ತಿದ, ಇಳಿದ, ಲೈನು ಬಂಗಾರ ಇದ್ದಂಗ ಐತಿ ಅಂದ. ಮತ್ತೆ ಕಾಕಾಗೆ. "ಎಲ್ಲಾ ಹೇಳೇನಿ ತಂಗಿ, ಅವ್ರು ಕೇಳಿದ್ದು ಒಂದೊಂದ ಬಿಡಿಸಿ ಹೇಳೇನಿ, ನೀ ಹೇಳಿದಂಗ." ಪಕ್ಕದಲ್ಲಿ ಮಗ್ಗಗಳು ಶುರುವಾದರೆ ವೋಲ್ಟೇಜು ಇಳಿದು ಪರದೆ ನಡುಗುತ್ತಿತ್ತು. ಮಗ್ಗಗಳಿಂದಲೇ ಹೀಗೆ ಅಂತ ಗಂಡನ ಮೇಲೆ ಬಿದ್ದೆ. ಅವನು ಒಂದು ಮಧ್ಯಾಹ್ನ ಎಲ್ಲ ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ.

"ಈಗ ನೋಡು."

ನೋಡಿದೆ. ಅದೇ ಸಾಲು.

"ಎಳಿ ಹರದ್ರ ನನಗ ಕಣ್ಣಿಗಿ ಕಾಣತೈತಿ, ಕಟ್ಟತೇನಿ," ಅಂದ. "ನಿಂದು ಎಲ್ಲಿ ಹರದೈತಿ ಹೇಳು, ಕಟ್ಟೂನಂತ."

"ಎಲ್ಲಿ ಅಂತ ಗೊತ್ತಿದ್ರ ನಿಮಗ್ಯಾಕ ಹೇಳ್ತಿದ್ನಿ?"

ಅವನು ಹೋಗಿ ಮಗ್ಗ ಚಾಲೂ ಮಾಡಿದ. ಅವತ್ತು ಮಗ್ಗದ ಸದ್ದು ಯಾವತ್ತಿಗಿಂತ ಜೋರಾಗಿ ಕೇಳಿತು.

ಭಾನುವಾರ ಕಚೇರಿಗೆ ರಜೆ. ಇಡೀ ದಿನ ಮಲಗಿ ಬಾದಾಮಿ ಮಾಸ್ತರರ ಮನೆಯನ್ನು ಕಣ್ಣೊಳಗೇ ಕಟ್ಟಿದೆ. ಅರ್ಧ ತೆಗೆದು ಬಿಟ್ಟು ಬಂದಿದ್ದ ನಕ್ಷೆ ಅದು. ಮುಂದಿನ ಗೋಡೆ ಕೆಂಪು ಕಲ್ಲಿಂದೇ ಆಗಬೇಕು ಅಂತ ಅವರ ಹಠ. ಪಡಸಾಲೆಗೆ ಎಲ್ಲಿ ಬಾಗಿಲಿಡಬೇಕು ಅಂತ ನನಗೊಬ್ಬಳಿಗೇ ಗೊತ್ತಿತ್ತು, ಅವರು ಮಾತಿನಲ್ಲಿ ಹೇಳಿದ್ದು ನನಗೆ. ಅದನ್ನು ಇನ್ನೊಬ್ಬಳು ಹೇಗೆ ಇಟ್ಟಾಳು ಅಂತ ನೆನೆದು ಎದ್ದು ಕೂರುತ್ತಿದ್ದೆ, ಅತ್ತೆ ಬಂದು ಮಲಗಿಸುತ್ತಿದ್ದರು.

ಸೋಮವಾರ ಬೆಳಿಗ್ಗೆ ಮತ್ತೆ ಹುಬ್ಬಳ್ಳಿಗೆ ಮಾಡಿದೆ. ಜಗಳಕ್ಕೇ ಮಾಡಿದೆ, ಸುಳ್ಳು ಹೇಳುವುದಿಲ್ಲ.

"ಸರ್, ಇನ್ನೊಮ್ಮಿ ನಮ್ಮ ಆಫೀಸಿಗೆ ಫೋನ್ ಹಚ್ಚಿ ನಂಬರ್ ಕೇಳ್ರಿ."

"ಮಾಡ್ತೀನಿ ಮೇಡಂ, ಸ್ವಲ್ಪ ಹೊತ್ತು ಬಿಟ್ಟು ಮಾಡ್ಲಾ? ಬೆಳಗ್ಗೆ ಮಾಡಿದ್ರೆ ನಿಮ್ಮ ಆಫೀಸಲ್ಲಿ ಪೂಜೆಗೆ ತೊಂದರೆ ಆಗತ್ತೆ."

"ಯಾವ ಪೂಜಿ?"

ನಮ್ಮ ಸಾಹೇಬರು ವರ್ಷಕ್ಕೊಮ್ಮೆ ದೀಪಾವಳಿಗೆ ಒಂದು ತೆಂಗಿನಕಾಯಿ ಒಡೆದರೆ ಹೆಚ್ಚು.

"ಅದೇ, ಆವತ್ತು ನಂಬರ್ ಕೇಳಿದಾಗ. ನಿಮ್ಮ ಕಾಕಾ ಅವರು ಎಲ್ಲಾ ನೀಟಾಗಿ ಹೇಳ್ತಾ ಬಂದರು. ಕೊನೇದು 'ಒಂದು' ಅಂದರು. ಆಮೇಲೆ 'ಮುಂದ ಪೂಜಿ ಐತ್ರಿ' ಅಂದರು. ಸರಿ, ಪೂಜೆ ಇದೆಯಲ್ಲ, ಯಾಕೆ ತೊಂದರೆ ಕೊಡೋದು ಅಂತ ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟೆ."

ನಾನು ಎದ್ದು ಕೂತೆ. ಅತ್ತೆ ಅಡಿಗೆ ಮನೆಯಿಂದಲೇ "ಮಲಕೋ" ಅಂದರು.

"ಸರ್, ಪೂಜಿ ಅಂದ್ರ ಸೊನ್ನಿ."

"ಏನು?"

"ನಮ್ಮ ಕಡೆ ಸೊನ್ನಿಗೆ ಪೂಜಿ ಅಂತಾರ್ರಿ. ಒಂದು, ಅದರ ಮುಂದ ಸೊನ್ನಿ. ಹತ್ತು. ನಮ್ಮ ಮನಿ ನಂಬರ್ ಹತ್ತು."

ಆ ಕಡೆ ಕೀಬೋರ್ಡಿನ ಸದ್ದು. "ಒಂದು ಅಂದರೆ ಅದು ಗೇಟಿನದೇ ನಂಬರ್ ಮೇಡಂ," ಅಂದರು, ದನಿ ಇಳಿಸಿ. "ಇಷ್ಟು ದಿನ ಗೇಟಿಗೆ ಗೇಟನ್ನೇ ತೋರಿಸಿದ್ದೀನಿ."

ಅವರಿಗೆ ಬಯ್ಯಲಿಲ್ಲ. ಪುರಸೊತ್ತಿರಲಿಲ್ಲ. ಅವರು ಸರಿ ಮಾಡಿದರು, ನಾನು ಒತ್ತಿದೆ.

ಪರದೆ ಕಪ್ಪಾಯಿತು. ಮೇಲಿನಿಂದ ಪಟ್ಟಿ ಪಟ್ಟಿಯಾಗಿ, ಮಗ್ಗದ ಮೇಲೆ ಬಟ್ಟೆ ಬೆಳೆದಷ್ಟೇ ನಿಧಾನವಾಗಿ, ನನ್ನ ಕಚೇರಿಯ ಪರದೆ ಇಳಿಯತೊಡಗಿತು. ಬಾದಾಮಿ ಮಾಸ್ತರರ ನಕ್ಷೆ ತೆರೆದಿತ್ತು. ನಾನು ತೆರೆದಿದ್ದಲ್ಲ. ನಾನು ಕೈ ಇಟ್ಟಿರಲೇ ಇಲ್ಲ, ಆದರೂ ಬಾಣದ ಗುರುತು ಅದರ ಮೇಲೆ ಓಡಾಡುತ್ತಿತ್ತು. ಪಡಸಾಲೆಯ ಗೋಡೆಯ ತನಕ ಹೋಗಿ, ಯೋಚಿಸಿ, ತಪ್ಪು ಜಾಗದಲ್ಲಿ ಒಂದು ಬಾಗಿಲಿಟ್ಟಿತು.

ಪಾಲಿಟೆಕ್ನಿಕ್ಕಿನ ಆಕೆ ಬಂದು ಕೂತುಬಿಟ್ಟಿದ್ದಳು. ಸಾಹೇಬರು ಸಂಜೆಯ ತನಕ ಕಾದಿರಲಿಲ್ಲ.

ನನ್ನ ಕುರ್ಚಿಯಲ್ಲಿ ನನ್ನ ಮೌಸು ಹಿಡಿದವಳನ್ನು ನಾನು ಇಳಕಲ್ಲಿನ ಮಂಚದ ಮೇಲಿಂದ ನೋಡುತ್ತಿದ್ದೆ. ನಾನೂ ಮೌಸು ಹಿಡಿದೆ. ಬಾಣವನ್ನು ಆಕೆ ಆಚೆ ಎಳೆದಳು, ನಾನು ಈಚೆ ಎಳೆದೆ. ಎರಡು ಸಲ ಹಾಗಾಯಿತು. ಆಮೇಲೆ ನಕ್ಷೆಯ ಖಾಲಿ ಅಂಗಳದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ: ನಾ ಬಂದೇನಿ.

ಬಾಣ ನಿಂತಿತು. ಅಲುಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮೊಬೈಲು ಬಡಿದುಕೊಂಡಿತು, ಕಾಕಾ.

"ತಂಗಿ, ಏನ್ ಮಾಡಿದೀವಾ? ಆ ಹುಡುಗಿ ಕೈ ತಗದು ಎದ್ದು ನಿಂತಾಳ. ತನ್ನಷ್ಟಕ್ಕ ತಾನ ಅಕ್ಷರಾ ಮೂಡ್ಯಾವ ಅಂತಾಳ."

"ನಾನ ಕಾಕಾ. ಸಾಹೇಬರಿಗಿ ಕೊಡ್ರಿ."

ಸಾಹೇಬರು ಬಂದರು. "ಖರೇನ ಇಳಕಲ್ಲಿಂದ ಮಾಡಾಕತ್ತೀಯೇನು?"

"ಹೌದ್ರಿ."

"ಒಂದು ಗ್ವಾಡಿ ಎಳಿ ನೋಡೂನು."

ಎಳೆದೆ. ನಾನು ಎಳೆದು ಮುಗಿಸಿದ ಮೇಲೆ ಅದು ನನ್ನ ಪರದೆಯಲ್ಲಿ ಕಾಣಿಸಿತು, ಅಷ್ಟು ನಿಧಾನ. ಆ ಗೋಡೆ ಅಳಿಸಿ, ಕೇಳದೇ ಆ ತಪ್ಪು ಬಾಗಿಲನ್ನೂ ಅಳಿಸಿ, ಮಾಸ್ತರರು ಹೇಳಿದ ಜಾಗಕ್ಕೆ ಬಾಗಿಲಿಟ್ಟೆ.

"ಅಲ್ಲಿ ಯಾಕ?"

"ಮಾಸ್ತರ್ ಅಂದಾರ್ರಿ. ಬಾಗಲಾ ತಗದ್ರ ಗುಡ್ಡಾ ಕಾಣಬೇಕಂತ."

"ಹಂ," ಅಂದರು. "ಸಂಜಿಕ್ಕ ಬರ್ತಾರ. ಮುಗಸು." ಇಟ್ಟರು.

ಅಷ್ಟೇ. ಕುರ್ಚಿ ನಿನ್ನದೇ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆ ಹುಡುಗಿ ಯಾವಾಗ ಹೊರಟು ಹೋದಳೋ ತಿಳಿಯಲಿಲ್ಲ. ಬಾಣ ಇನ್ನು ತಾನಾಗಿ ಓಡಾಡಲಿಲ್ಲ ಅನ್ನುವುದರಿಂದಲೇ ನನಗೆ ತಿಳಿದದ್ದು. ಆಕೆಯ ಮುಖವನ್ನು ನಾನು ನೋಡಿಲ್ಲ. ಆಕೆಗೂ ಮನೆಯಲ್ಲಿ ಯಾರಾದರೂ ಕಾಯುತ್ತಿದ್ದರೇನೋ, ಹೇಗಾಯಿತು ಮೊದಲ ದಿನ ಅಂತ ಕೇಳಲು. ಆವತ್ತು ನನಗೆ ಅದು ಹೊಳೆಯಲಿಲ್ಲ, ಈಗ ಹೊಳೆಯುತ್ತದೆ.

ಮಧ್ಯಾಹ್ನ ಇಳಿಯುವಾಗ ನಕ್ಷೆಯ ಅಳತೆಗಳನ್ನು ಬರೆಯುತ್ತಿದ್ದೆ. ಕಾಕಾ ಫೋನ್ ಮಾಡಿದರು.

"ತಂಗಿ, ಮಾಸ್ತರ್ ಫೋನ್ ಬಂದಿತ್ತು. ಮೊದಲ ತೋರಿಸಿದ ನಕ್ಷಾದಾಗ ಪೂಜಿ ಸಣ್ಣದಾಗೇತಿ, ಒಂದು ಫೂಟು ದೊಡ್ಡದು ಮಾಡ್ರಿ ಅಂದಾರ."

ಯಾವ ಸೊನ್ನೆ ಸಣ್ಣದಾಗಿದೆ ಅಂತ ಬರೆದ ಅಳತೆಗಳನ್ನೆಲ್ಲ ಹುಡುಕಿದೆ.

"ಯಾವ ಪೂಜಿ, ಕಾಕಾ?"

"ಯಾವ ಪೂಜಿ ಅಂದ್ರ? ದೇವರ ಕೋಣಿ. ಮತ್ಯಾವ ಪೂಜಿ ಇರತೈತಿ?"

ಅವರ ಇನ್ನೊಂದು ಪೂಜಿಯಿಂದ ಆದ ಫಜೀತಿಯನ್ನು ನಾನು ಅವರಿಗೆ ಯಾವತ್ತೂ ಬಿಡಿಸಿ ಹೇಳಲಿಲ್ಲ. ದೇವರ ಕೋಣೆಯನ್ನು ಒಂದು ಫೂಟು ಹಿಗ್ಗಿಸಿ, ಅದು ಪರದೆಯ ಮೇಲೆ ಹಿಗ್ಗುವುದನ್ನೇ ಕಾಯುತ್ತಾ ಎಡಮಗ್ಗಲಾಗಿ ಮಲಗಿದೆ.