ಅಪ್ಪನ ಕಾಫಿಗೆ ತಗಲದ ನಿಷೇಧ

ನಮ್ಮಪ್ಪ ಇನ್ಶೂರೆನ್ಸ್ ಕಚೇರಿಯಲ್ಲಿ ಬೇರೆಯವರ ಆಯಸ್ಸಿನ ಅಂದಾಜು ಹಾಕುತ್ತಲೇ ನಿವೃತ್ತರಾದವರು. ಹೋದ ವರ್ಷ ಇದ್ದಕ್ಕಿದ್ದಂತೆ ಅವರ ಕಣ್ಣು ನಮ್ಮ ಆಯಸ್ಸಿನ ಮೇಲೂ ಬಿತ್ತು. ಏನೇನು ತಿಂದರೆ ಕ್ಯಾನ್ಸರ್ ಬರಬಹುದೆಂದು ಬೆಳಗ್ಗೆ ವಾಟ್ಸಾಪಿನಲ್ಲಿ ಓದುವುದು, ಮಧ್ಯಾಹ್ನದೊಳಗೆ ಅದನ್ನು ತಾಂಬರಂನ ನಮ್ಮ ಅಡುಗೆಮನೆಯಿಂದ ಗಡೀಪಾರು ಮಾಡುವುದು ಅವರ ಹೊಸ ಉದ್ಯೋಗವಾಯಿತು.

ಮೊದಲು ಹೋದದ್ದು ಕರಿದ ಎಣ್ಣೆ. ಹಬ್ಬಕ್ಕೆ ಆಂಬೊಡೆ ಕರಿದು ಉಳಿದದ್ದನ್ನು ಅಮ್ಮ ಸೋಸಿಟ್ಟು ವಾರವಿಡೀ ಒಗ್ಗರಣೆಗೆ ಬಳಸುತ್ತಿದ್ದಳು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ವಿಷವೆಂದು ಅಪ್ಪ ಅದನ್ನು ತಾವೇ ಚೆಲ್ಲಿ ಬಂದರು. ಆಮೇಲಿನ ಸರದಿ ಉರಿಯ ಮೇಲೆ ಸುಟ್ಟ ಹಪ್ಪಳದ್ದು. ಕಪ್ಪು ಚುಕ್ಕೆ ಕಂಡಲ್ಲೆಲ್ಲ ಚಿವುಟಿ ಎಸೆದು, ಕಡೆಗೆ ಅವರ ಕೈಯಲ್ಲಿ ಹಪ್ಪಳಕ್ಕಿಂತ ತೂತೇ ಹೆಚ್ಚಿರುತ್ತಿತ್ತು. ಉಪ್ಪು ಜಾಸ್ತಿಯೆಂದು ಮಿಡಿ ಉಪ್ಪಿನಕಾಯಿಯ ಜಾಡಿ ಅಟ್ಟ ಸೇರಿತು. ದೋಸೆಯ ಸೀದ ಅಂಚೆಂದರೆ ನನಗೆ ಪ್ರಾಣ, ಅದೂ ಹೋಯಿತು.

"ಸರಿ ಬಿಡಿ, ಇನ್ನು ತೀರ್ಥ ಒಂದೇ ಬಾಕಿ. ಅದನ್ನೂ ಕೊಂಚ ವಿಚಾರಿಸಿ ಹೇಳ್ಬಿಡಿ" ಎಂದಳು ಅಮ್ಮ. ಅಪ್ಪ ನಿಜವಾಗಿಯೂ ಒಂದು ಕ್ಷಣ ಯೋಚಿಸಿದರು.

ಕಾಫಿಯ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ನಮ್ಮದು ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿರುವ ವೈಷ್ಣವ ಕುಟುಂಬ. ಲೋಟಕ್ಕೆ ತುಟಿ ತಾಗಿದರೆ ಎಂಜಲು, ಹಾಗಾಗಿ ಎತ್ತಿ ಬಾಯಿಗೆ ಸುರಿದುಕೊಳ್ಳಬೇಕು. ನಾವೆಲ್ಲ ಡಬರಾ ಬಟ್ಟಲಿಗೆ ಹೊಯ್ದು ಆರಿಸಿಕೊಂಡು ಕುಡಿಯುತ್ತೇವೆ. ಅಪ್ಪನಿಗೆ ಅದು ಕಾಫಿಗೆ ಮಾಡುವ ಅವಮಾನ. ಒಲೆಯಿಂದ ಇಳಿದದ್ದು ನೇರವಾಗಿ ಗಂಟಲಿಗೇ ಇಳಿಯಬೇಕು. ಎಷ್ಟು ಸುಡುತ್ತಿದೆಯೆಂದು ಹೇಳಬೇಕಾದ ತುಟಿಗೆ ಅಲ್ಲಿ ಕೆಲಸವೇ ಇಲ್ಲ. "ಸೂಡಾಗಿ ಇಲ್ದಿದ್ರೆ ಅದು ಕಾಫಿ ಅಲ್ಲ, ಕಷಾಯ" ಎನ್ನುತ್ತಿದ್ದರು.

ಈ ನಡುವೆ ಅಪ್ಪ ಚಪಾತಿ ಬೇಡವೆಂದರು. ಅದೂ ಇನ್ನೊಂದು ನಿಷೇಧವಿರಬೇಕೆಂದು ನಾನು ತಮಾಷೆ ಮಾಡಿದೆ. ಕೋಡಂಬಾಕ್ಕಂನಲ್ಲಿ ನೆಂಟರ ಮದುವೆಯೂಟಕ್ಕೆ ಕೂತಾಗ ಒಂದು ತುತ್ತು ಅನ್ನ ಅವರ ಎದೆಯಲ್ಲೇ ಸಿಕ್ಕಿಕೊಂಡಿತು. ನೀರು ಕುಡಿದರೂ ಇಳಿಯಲಿಲ್ಲ. ಅವರು ಎಲೆ ಬಿಟ್ಟು ಎದ್ದುಹೋದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಗಿಂಡಿಯ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ಅಪ್ಪ ತಾವು ಬಿಟ್ಟದ್ದನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದರು. ಕಾಫಿ ಹೇಗೆ ಕುಡಿಯುತ್ತೀರಿ ಎಂಬುದಕ್ಕೆ ಕೈಯೆತ್ತಿ ಸುರಿದುಕೊಳ್ಳುವುದನ್ನೇ ಮಾಡಿ ತೋರಿಸಿದರು. ಅಷ್ಟು ಸುಡುವುದನ್ನು ವರ್ಷಗಟ್ಟಲೆ ಕುಡಿದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಹೆಚ್ಚಬಹುದೆಂದು ಆಕೆ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಅಪ್ಪನ ಕೈ ಇನ್ನೂ ಮೇಲೆಯೇ ಇತ್ತು.

ವರದಿ ಬರುವ ತನಕ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಹವೆ, ಲೋಕಲ್ ಟ್ರೈನು, ಪಕ್ಕದ ಮನೆಯ ನಾಯಿ, ಎಲ್ಲದರ ಬಗ್ಗೆಯೂ ಮಾತಾಡಿದೆವು. ಕಡೆಗೆ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಅನ್ನನಾಳ ಬಾತು ಕಿರಿದಾಗಿದೆ, ಮಾತ್ರೆ ತೆಗೆದುಕೊಳ್ಳಿ, ಕಾಫಿ ಆರಿಸಿ ಕುಡಿಯಿರಿ ಎಂದರು ವೈದ್ಯೆ.

ಮನೆಗೆ ಬಂದು ಕೂತ ಮೇಲೆ ಅಪ್ಪ ಬಾಯಿಬಿಟ್ಟರು. ತುತ್ತು ಅಡ್ಡ ಸಿಕ್ಕತೊಡಗಿದ ಮೇಲೆಯೇ ಅವರು ಆ ಸಂದೇಶಗಳನ್ನೆಲ್ಲ ಓದಲು ಶುರುಮಾಡಿದ್ದಂತೆ.

"ನನಗೆ ಬಂದಿದ್ದು ಬಂತು, ನಿಮಗಾದ್ರೂ ಬರ್ದೇ ಇರ್ಲಿ ಅಂತ" ಎಂದರು.

"ಒಂದು ಮಾತು ಹೇಳಕ್ಕೇನಾಗಿತ್ತು?" ಎಂದೆ ನಾನು.

"ನಿಮ್ಮಮ್ಮ ಹೆದರ್ಕೊಂಡ್ಬಿಡ್ತಾಳೆ."

ಅಮ್ಮ ಅವರನ್ನೇ ನೋಡಿದಳು. "ದೀಪಾವಳಿಯಿಂದ ನಿಮ್ಮೊಬ್ರಿಗೆ ಬೇರೆ ಪಾತ್ರೇಲಿ ಅನ್ನ ಮೆತ್ತಗೆ ಬೇಯಿಸ್ತಾ ಇದೀನಿ. ನೀವು ಹೆದರ್ತೀರಿ ಅಂತ ನಾನೂ ಹೇಳ್ಲಿಲ್ಲ."

"ನಾನು ಅಂಗಡಿಯವನು ಅಕ್ಕಿ ಬದಲಾಯಿಸಿದಾನೆ ಅಂದ್ಕೊಂಡಿದ್ದೆ" ಎಂದರು ಅಪ್ಪ.

ಅಮ್ಮ ನಗಲು ಹೋಗಿ ಅತ್ತುಬಿಟ್ಟಳು.