ಕಂಬಳಿಯವನ ಕೆನ್ನೆ

ಬೀದಿಯವರೆಲ್ಲ ಅವನನ್ನು ಕಂಬಳಿ ಎಂದೇ ಕರೆಯುತ್ತಿದ್ದರು. ಹಾಗಂತ ಅವನೇನೂ ಕಂಬಳಿ ಮಾರುವವನಲ್ಲ, ನೇಯುವವನೂ ಅಲ್ಲ. ಪೈಪುಗಳಿಗೆ ಹೊದಿಕೆ ಸುತ್ತುವವನು. ಕಾರ್ಖಾನೆಯ ಹಬೆ ಪೈಪಾಗಲಿ, ಮನೆಯ ಬಿಸಿನೀರಿನ ಪೈಪಾಗಲಿ, ಬರಿಮೈಯಲ್ಲಿ ಕಂಡರೆ ಅವನ ಜೀವ ತಡೆಯುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಮೊದಲು ಬಚ್ಚಲಿಗೆ ಹೋಗಿ ಪೈಪು ಮುಟ್ಟಿ ನೋಡಿಕೊಂಡೇ ಊಟಕ್ಕೆ ಕೂರುತ್ತಿದ್ದ. "ಅವರು ಕರೆದದ್ದು ಉಣ್ಣೋಕೆ, ಬಚ್ಚಲು ತಪಾಸಣೆಗಲ್ಲ" ಎಂದು ಹೆಂಡತಿ ಗೊಣಗುತ್ತಿದ್ದಳು.

ಯಾವುದಕ್ಕೆ ಯಾವ ಹೊದಿಕೆ ಎನ್ನುವ ವಿಷಯದಲ್ಲಿ ಮಹಾ ಹಟಮಾರಿ. ಹಬೆಯ ಪೈಪಿಗೆ ಕಲ್ಲು ಕರಗಿಸಿ ಎಳೆ ತೆಗೆದ ರಾಕ್‌ವೂಲೇ ಆಗಬೇಕು, ಅದರ ಮೇಲೊಂದು ತಗಡು. ಮನೆಯ ಬಿಸಿನೀರಿಗೆ ಫೋಮಿನ ತೋಳು ಸಾಕು. ಐಸ್ ಕಾರ್ಖಾನೆಯ ತಣ್ಣನೆ ಪೈಪಿಗೆ ಒಂದಿಷ್ಟೂ ಸಂದಿಲ್ಲದ ಕಪ್ಪು ರಬ್ಬರು, ಇಲ್ಲದಿದ್ದರೆ ಪೈಪು ಒಳಗೊಳಗೇ ಬೆವರಿ ತುಕ್ಕು ಹಿಡಿಯುತ್ತದೆ. "ಎಲ್ಲಾ ಒಂದೇ ಸಾರ್, ಕಡಿಮೆ ಬೆಲೆದು ಯಾವುದಿದೆಯೋ ಅದನ್ನೇ ಸುತ್ತಿಬಿಡಿ" ಎಂದು ಯಾರಾದರೂ ಅಂದರೆ ಮುಗಿಯಿತು, ಅವರಿಗೆ ಅರ್ಧ ದಿನ ಪಾಠ.

ಕೆಲಸ ಮುಗಿದ ಮೇಲೆ ಅವನದೊಂದು ಪರೀಕ್ಷೆ ಇತ್ತು. ಹೊದಿಕೆಯ ಮೇಲೆ ಕೆನ್ನೆ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕೆನ್ನೆಗೆ ಬಿಸಿ ತಾಗಲಿಲ್ಲವೆಂದರೆ ಕೆಲಸ ಪಾಸು. ಆದರೆ ಪಾಸಾದ ಮೇಲೂ ಅವನು ಬೇಗ ಅಲ್ಲಿಂದ ಕದಲುತ್ತಿರಲಿಲ್ಲ. ಒಳಗೆಲ್ಲೋ ಹಬೆ ಸಣ್ಣಗೆ ಗುಂಯ್ ಎನ್ನುತ್ತಿರುತ್ತದಲ್ಲ, ಅದನ್ನು ಕೇಳುತ್ತ ಕೇಳುತ್ತ ಕಾರ್ಖಾನೆ ಮರೆಯಾಗಿ, ಚಿಕ್ಕಂದಿನ ಒಂದು ಕೌದಿಯೊಳಗೆ ಇಳಿದುಬಿಡುತ್ತಿದ್ದ. ಹೊರಗೆ ಚಳಿ, ಒಳಗೆ ಸೋಪಿನ ವಾಸನೆಯ ಒಂದು ಸೆರಗು, ತಲೆಯ ಮೇಲೆ ಒಂದು ಕೈ. ಕೆಲಸದವರು "ಕಂಬಳಿಯವರು ಮಲಗಿದ್ರು, ಸದ್ದು ಮಾಡಬೇಡ್ರೋ" ಎಂದು ನಗುತ್ತಿದ್ದರು.

ಆ ಕೈ ಅತ್ತಿಗೆಯದು. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು, ಸೂಜಿ ಹಿಡಿಯುವುದನ್ನು ಕಲಿಸಿದವಳು ಅಣ್ಣನ ಹೆಂಡತಿಯೇ. ಅಣ್ಣ ತೀರಿಕೊಂಡ ಮೇಲೆ ತನ್ನ ಮನೆಗೆ ಬನ್ನಿ ಎಂದು ಎಷ್ಟು ಗೋಗರೆದರೂ ಅವಳು ಜಪ್ಪಯ್ಯ ಅನ್ನಲಿಲ್ಲ. ಲಾಂಡ್ರಿಯವರಿಗೆ ಅಂಗಿಗಳ ಗುಂಡಿ ಹೊಲಿದುಕೊಡುತ್ತ ತನ್ನ ಪಾಡಿಗೆ ತಾನಿದ್ದಳು. ಚಳಿಗೆ ಮಾತ್ರ ಅವಳ ಬೆರಳು ಸೆಟೆದುಕೊಂಡು ಸೂಜಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಅವನು ಹುಡುಕಿ ಹುಡುಕಿ ಲಾಂಡ್ರಿಯ ಹಿಂದಿನ ಕೋಣೆ ಕೊಡಿಸಿದ್ದ. ಬಾಯ್ಲರಿನ ಹಬೆ ಪೈಪು ಆ ಕೋಣೆಯ ಗೋಡೆಗುಂಟ ಹೊದಿಕೆಯಿಲ್ಲದೆ ಹಾದುಹೋಗುತ್ತಿತ್ತು. ಅವನು ಕಂಡೂ ಕಾಣದಂತೆ ಬಿಟ್ಟ ಒಂದೇ ಒಂದು ಬರಿಮೈ ಪೈಪು ಅದು. ಅತ್ತಿಗೆ ಬೆಚ್ಚಗಿದ್ದಾರೆ ಎಂಬ ನೆಮ್ಮದಿಯಲ್ಲಿ ಅವನ ಭೇಟಿಯೂ ಬರಬರುತ್ತ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಎನ್ನುವಂತಾಯಿತು.

ಚಳಿ ಶುರುವಾಗುವ ಹೊತ್ತಿಗೆ ಲಾಂಡ್ರಿಯ ಯಜಮಾನ ಅವನನ್ನೇ ಕರೆಸಿದ. "ಹಬೆಯೆಲ್ಲ ಆ ಗೋಡೇಲೇ ಸೋರಿ ಹೋಗ್ತಿದೆ. ಇಸ್ತ್ರಿ ಹತ್ರ ಬರೋಷ್ಟರಲ್ಲಿ ಉಸಿರೇ ಇರಲ್ಲ. ನೀವೇ ಹೊದಿಸಿಕೊಡಿ." ಯಜಮಾನ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವನು ಒಲ್ಲೆ ಅಂದರೆ ಇನ್ನೊಬ್ಬ ಬಂದು ಸುತ್ತುತ್ತಾನೆ. ಹಳೆಯ ಪೈಪಿನಿಂದ ಬಿಚ್ಚಿದ ಜೊಂಪೆ ಜೊಂಪೆ ರಾಕ್‌ವೂಲಿನ ಉಣ್ಣೆ ಅವನ ಗೋದಾಮಿನಲ್ಲಿ ಬಿದ್ದಿತ್ತು. ಅದನ್ನು ತೆಳ್ಳಗೆ ಸುತ್ತಿ ಮೇಲೆ ಹೊಸ ತಗಡು ಮುಚ್ಚಿದರೆ ಯಾರಪ್ಪನಿಗೂ ಗೊತ್ತಾಗುವುದಿಲ್ಲ, ಕೋಣೆಗೂ ಅಷ್ಟಿಷ್ಟು ಬಿಸಿ ಸಿಗುತ್ತದೆ. ಅವನು ಆ ಹಳೆಯ ಉಣ್ಣೆಯನ್ನೇ ಹೊತ್ತು ತಂದ. ಅತ್ತಿಗೆ ಅದನ್ನು ಬೆರಳಲ್ಲಿ ಹಿಂಜಿ ನೋಡಿದಳು.

"ಇದೇನೋ, ಜೀವವೇ ಇಲ್ಲ ಇದರಲ್ಲಿ?"

"ನಿಮಗೋಸ್ಕರನೇ ಅತ್ತಿಗೆ."

"ನನ್ನ ಹೆಸರು ಹೇಳಿ ಕಳ್ಳ ಹೊಲಿಗೆ ಹಾಕ್ತೀಯಾ? ಒಳ್ಳೇದು ತಂದು ಸುತ್ತು. ಇಲ್ಲಾಂದ್ರೆ ನಾನೇ ಬಿಚ್ಚಿಹಾಕ್ತೀನಿ."

ಅವನು ದಪ್ಪನೆ ರಾಕ್‌ವೂಲು ತಂದು ಸುತ್ತಿದ. ಕೆನ್ನೆ ಇಟ್ಟ. ಕೆಲಸ ಪಾಸು. ಜೀವನದಲ್ಲಿ ಮೊದಲ ಸಲ ಅವನಿಗೆ ಪಾಸಾದದ್ದಕ್ಕೆ ಅಳು ಬಂತು.

ಒಂದು ವಾರ ಕಳೆದು ಹೋದಾಗ ಅತ್ತಿಗೆಯ ಮುಂದೆ ಅಂಗಿಗಳ ರಾಶಿ ಹಾಗೇ ಬಿದ್ದಿತ್ತು. ಅವಳು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ಅವನು ಹೋಗಿ ಹಲಗೆಯಂಥ ಹೊದಿಕೆಗಳನ್ನು ತಂದು ನಾಲ್ಕೂ ಗೋಡೆಗೆ ಹೊಡೆದ, ಬಟ್ಟೆ ಮುಚ್ಚಿದ, ಬಾಗಿಲ ಸಂದಿಗೆ ರಬ್ಬರು ತುಂಬಿದ. ಮರುದಿನ ಬಂದು ನೋಡಿದರೆ ಕೋಣೆ ತಣ್ಣಗೇ ಇತ್ತು. ಎಲ್ಲಾದರೂ ಸಂದಿ ಬಿಟ್ಟಿದ್ದೇನೆಯೇ ಎಂದು ಗೋಡೆಯ ತುಂಬಾ ಕೈಯಾಡಿಸಿದ.

ಅತ್ತಿಗೆ ಅವನ ಒದ್ದಾಟ ನೋಡಿ ನಕ್ಕಳು. "ಹೊದಿಕೆ ತಾನಾಗಿ ಬಿಸಿ ಕೊಡಲ್ಲ, ಇದ್ದದ್ದನ್ನ ಹಿಡಿದಿಟ್ಟುಕೊಳ್ಳುತ್ತೆ ಅಷ್ಟೇ ಅಂತ ಊರಿಗೆಲ್ಲ ಪಾಠ ಮಾಡ್ತೀಯ. ಇಲ್ಲಿ ಹಿಡಿದಿಡೋಕೆ ಏನಿದೆಯೋ? ನಾನೊಬ್ಬಳು, ನನ್ನ ಮೂಳೆ."

ದೂರಿ ಹೇಳಿದ ಮಾತಲ್ಲ ಅದು. ಆದರೂ ಅವನು ಗೋಡೆ ತಡಕುವುದನ್ನು ಬಿಟ್ಟು ಅವಳ ಎದುರು ಕುಳಿತ. ಇಷ್ಟು ವರ್ಷ ತಾನು ಬರಬೇಕಾದ ಜಾಗಕ್ಕೆ ಒಂದು ಪೈಪನ್ನು ಕಳಿಸಿ ಸುಮ್ಮನಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಸಂಜೆ ಅವನು ತನ್ನ ಸರಂಜಾಮನ್ನೆಲ್ಲ ಅಲ್ಲಿಗೇ ತಂದ. ಪೈಪಿನ ವಾಲ್ವುಗಳ ತಿರುಪು ಚಕ್ರಗಳಿರುವ ಕಡೆ ಬೇಕಾದಾಗ ಬಿಚ್ಚಿ ಮತ್ತೆ ಹಾಕುವಂಥ ದಪ್ಪ ಬಟ್ಟೆಯ ಅಂಗಿ ತೊಡಿಸಬೇಕಾಗುತ್ತದೆ. ಆ ಅಂಗಿಗಳನ್ನು ಕತ್ತರಿಸುವುದು ಅವನ ಸಂಜೆಯ ಕೆಲಸ. ಹಿಂದೆಯೇ ಹೆಂಡತಿ ಒಲೆ, ಪಾತ್ರೆ ಹಿಡಿದು ಬಂದಳು. "ಬಚ್ಚಲು ನೋಡೋ ಮುಂಚೆ ಅತ್ತಿಗೇನ ನೋಡೋಕೆ ಈಗ ಬುದ್ಧಿ ಬಂತು ನೋಡಿ ಇವರಿಗೆ" ಎಂದಳು. ಚಹಾ ಕುದಿಯಿತು. ಅವನು ಕತ್ತರಿಸಿದ, ಹೆಂಡತಿ ದಾರ ಪೋಣಿಸಿದಳು, ಅತ್ತಿಗೆ ಅವನ ಕತ್ತರಿ ಕೆಲಸವನ್ನು ಬೈಯುತ್ತ ಹೊಲಿದಳು. ಗೋಡೆಗಳು ಅವರ ಉಸಿರನ್ನೂ ನಗೆಯನ್ನೂ ಹೊರಗೆ ಬಿಡಲಿಲ್ಲ. ದೀಪದ ಬೆಳಕಲ್ಲಿ ಉಣ್ಣೆಯ ಎಳೆಗಳು ತೇಲುತ್ತಿದ್ದವು, ಗುಂಯ್ ಎನ್ನುವ ಸದ್ದು ಪೈಪಿನದೋ ಒಲೆಯದೋ ತಿಳಿಯದೆ ಅವನಿಗೆ ತೂಕಡಿಕೆ ಬಂತು.

ಅವನ ಕೈಯಿಂದ ಕತ್ತರಿ ಜಾರಿದ್ದನ್ನು ಅತ್ತಿಗೆ ನೋಡಿದಳು. ಸೂಜಿಯನ್ನು ಸೆರಗಿಗೆ ಚುಚ್ಚಿ, ಕೈ ಚಾಚಿ, ಬೆರಳುಗಳನ್ನು ಅವನ ಕೆನ್ನೆಯ ಮೇಲಿಟ್ಟಳು. ಬೆರಳು ಬೆಚ್ಚಗಿದ್ದವು.

"ಪಾಸೇನೋ?" ಎಂದಳು.

ಅವನು ಕಣ್ಣು ತೆರೆಯಲಿಲ್ಲ. ಹೂಂ ಎಂದು, ಆ ಕೈಗೆ ಕೆನ್ನೆಯನ್ನು ಇನ್ನಷ್ಟು ಒತ್ತಿಕೊಂಡ.